ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್: ನಾನು ಬಿಲ್ ಓದಿದ್ದು, ರಿಯಾಯಿತಿ ಕೇಳಿ ಪಡೆದಿದ್ದು

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಕಂದಾಯದ ಚಿಂತೆ ಇರುವುದಿಲ್ಲ. ಅದು ಓನರ್ ಕೆಲಸ. ಇಂಗ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆಯೇ ಕೌನ್ಸಿಲ್ ಟ್ಯಾಕ್ಸ್. ಮನೆಯಲ್ಲಿ ಯಾರು ವಾಸ ಇದ್ದಾರೋ ಅವರ ಹೆಸರಿಗೇ ಬಿಲ್ ಬರುತ್ತದೆ. ಇಡೀ ಫ್ಲಾಟ್ ಬಾಡಿಗೆಗೆ ಹಿಡಿದರೆ ನೀವೇ ಕಟ್ಟಬೇಕು. ಒಂದೊಂದು ರೂಮನ್ನು ಒಬ್ಬೊಬ್ಬರಿಗೆ ಬಿಡಿಯಾಗಿ ಕೊಟ್ಟಿರುವ ಮನೆಯಾದರೆ ಮಾತ್ರ ಸಾಮಾನ್ಯವಾಗಿ ಓನರ್ ಕಟ್ಟುತ್ತಾರೆ. ಹಾಗಾಗಿ ಮನೆ ಹುಡುಕುವಾಗ ಬಾಡಿಗೆ ಎಷ್ಟು ಅಂತ ಕೇಳಿದ ಕೂಡಲೇ ತೆರಿಗೆಯ ಬ್ಯಾಂಡ್ ಯಾವುದು ಅಂತಲೂ ಕೇಳುತ್ತಿದ್ದೆ. ಬಾಡಿಗೆ ಕಡಿಮೆ, ಬ್ಯಾಂಡ್ ಜಾಸ್ತಿ ಇರುವ ಮನೆ ಕೊನೆಗೆ ದುಬಾರಿಯೇ.

ಬ್ಯಾಂಡ್ ಅಂದರೆ ಎ ಯಿಂದ ಎಚ್ ವರೆಗೆ ಎಂಟು ದರ್ಜೆಗಳು. 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಅನ್ನುವುದರ ಮೇಲೆ ದರ್ಜೆ ನಿಂತಿದೆ. 40,000 ಪೌಂಡ್‌ವರೆಗಿನದು ಎ, 68,000 ದಾಟಿ 88,000ದವರೆಗೆ ಡಿ, 3,20,000 ಮೀರಿದರೆ ಎಚ್. ಈಗಿನ ಬೆಲೆ ಲೆಕ್ಕಕ್ಕಿಲ್ಲ. ಹೋದ ವರ್ಷ ಕಟ್ಟಿದ ಮನೆಗೂ 1991ರಲ್ಲಿ ಇದ್ದಿದ್ದರೆ ಎಷ್ಟು ಸಿಗುತ್ತಿತ್ತು ಅಂತ ಅಂದಾಜು ಮಾಡಿಯೇ ಬ್ಯಾಂಡ್ ಕೊಡುತ್ತಾರೆ. ತಲೆಗೆ ಇಷ್ಟು ಅಂತ ಹಾಕುತ್ತಿದ್ದ, ಜನ ಬೀದಿಗಿಳಿದು ವಿರೋಧಿಸಿದ ಪೋಲ್ ಟ್ಯಾಕ್ಸ್ ತೆಗೆದು 1993ರಲ್ಲಿ ಈ ತೆರಿಗೆ ತಂದಾಗಿನ ಲೆಕ್ಕ ಇದು. ವೇಲ್ಸ್‌ನವರು 2003ರ ಬೆಲೆಗೆ ಬದಲಾಯಿಸಿಕೊಂಡರು. ಇಂಗ್ಲೆಂಡಿನಲ್ಲಿ ಅದು ಇನ್ನೂ ಆಗಿಲ್ಲ. ಮೂವತ್ತು ವರ್ಷದ ಹಿಂದಿನ ಬೆಲೆ ಇಟ್ಟುಕೊಂಡು ಇವತ್ತಿನ ಜನರಿಂದ ತೆರಿಗೆ ತಗೊಳ್ಳುವುದು ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ.

ದರವನ್ನು ಕೌನ್ಸಿಲ್ ಡಿ ಬ್ಯಾಂಡ್‌ಗೆ ನಿಗದಿ ಮಾಡುತ್ತದೆ. ಉಳಿದವು ಅದರ ಒಂಬತ್ತನೇ ಭಾಗದ ಲೆಕ್ಕದಲ್ಲಿ ಬರುತ್ತವೆ. ಎ ಗೆ ಒಂಬತ್ತರಲ್ಲಿ ಆರು ಪಾಲು, ಸಿ ಗೆ ಎಂಟು, ಎಚ್‌ಗೆ ಹದಿನೆಂಟು. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ಡಿ ಬ್ಯಾಂಡ್ ದರ 2,280 ಪೌಂಡ್ ಇತ್ತು. ಆ ಲೆಕ್ಕಕ್ಕೆ ಎ ಗೆ 1,520, ಸಿ ಗೆ ಸುಮಾರು 2,027, ಎಚ್‌ಗೆ 4,560. ಈ ದುಡ್ಡು ಪೂರ್ತಿ ಕೌನ್ಸಿಲ್‌ಗೇ ಹೋಗುವುದಿಲ್ಲ. ಬಿಲ್ಲಿನಲ್ಲಿ ಪೊಲೀಸ್, ಅಗ್ನಿಶಾಮಕ ದಳ ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ಒಮ್ಮೆ ಕೂತು ಓದಿ ನೋಡಿ.

ನಾನು ಮೊದಲು ಒಬ್ಬನೇ ಬಂದೆ. ಸಿ ಬ್ಯಾಂಡ್ ಫ್ಲಾಟ್. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇಕಡಾ 25 ರಿಯಾಯಿತಿ ಇದೆ. ಆದರೆ ಅದು ತಾನಾಗಿ ಬರುವುದಿಲ್ಲ, ಕೇಳಬೇಕು. ಕೌನ್ಸಿಲ್ ವೆಬ್‌ಸೈಟಿನಲ್ಲಿ ಒಂದು ಸಣ್ಣ ಫಾರಂ, ಅಷ್ಟೇ. ಸಿ ಬ್ಯಾಂಡಿನ ಎಂಟು ಪಾಲಿನಲ್ಲಿ ಕಾಲು ಭಾಗ ಕಳೆದರೆ ಆರು ಪಾಲು. ಅಂದರೆ ನಾನು ಕಟ್ಟಿದ್ದು ಸರಿಯಾಗಿ ಎ ಬ್ಯಾಂಡಿನ ದುಡ್ಡು. ಹದಿನೆಂಟು ತುಂಬದ ಮಕ್ಕಳನ್ನು ಎಣಿಸುವುದಿಲ್ಲ. ಹಾಗಾಗಿ ಮಗುವಿನ ಜೊತೆ ಒಬ್ಬರೇ ಇರುವ ತಾಯಿಗೂ ಇದು ಸಿಗುತ್ತದೆ.

ನಮ್ಮವರು ಹೆದರುವುದು ಇಲ್ಲೇ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಬರೆದಿರುತ್ತದೆ. ರಿಯಾಯಿತಿ ಕೇಳಿದರೆ ನಾಳೆ ವೀಸಾಕ್ಕೆ ತೊಂದರೆ ಆಗಬಹುದು ಅಂತ ಎಷ್ಟೋ ಜನ ಸುಮ್ನೆ ಪೂರ್ತಿ ಕಟ್ಟುತ್ತಾರೆ. ನಾನು ಅರ್ಜಿ ಹಾಕುವ ಮುಂಚೆ ಸರ್ಕಾರದ ನಿಯಮ ತೆಗೆದು ಓದಿದೆ. ಎರಡು ಬೇರೆ ಬೇರೆ ವಿಷಯಗಳಿವೆ. ಆದಾಯ ಕಡಿಮೆ ಇದ್ದವರಿಗೆ ಕೊಡುವ 'ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್' ಸರ್ಕಾರಿ ನೆರವು. ಅದನ್ನು ನಮ್ಮಂಥ ವೀಸಾದವರು ಕೇಳಬಾರದು. ಒಬ್ಬರೇ ಇರುವುದಕ್ಕೆ ಕೊಡುವ ಡಿಸ್ಕೌಂಟ್, ವಿದ್ಯಾರ್ಥಿಗಳಿಗೆ ಕೊಡುವ ವಿನಾಯಿತಿ ಆ ಸರ್ಕಾರಿ ನೆರವಿನ ಪಟ್ಟಿಯಲ್ಲಿ ಇಲ್ಲ. ಅವನ್ನು ಧೈರ್ಯವಾಗಿ ಕೇಳಬಹುದು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಫಾರಂ ತೆರೆದಾಗ ಯಾವುದು ಅಂತ ಎರಡು ಸಲ ನೋಡಿಕೊಳ್ಳಿ.

ಹೆಂಡತಿ ಬಂದ ವಾರವೇ ಕೌನ್ಸಿಲ್‌ಗೆ ತಿಳಿಸಿದೆ, ರಿಯಾಯಿತಿ ನಿಂತಿತು. ತಿಳಿಸದೆ ಬಿಟ್ಟರೆ ಆಮೇಲೆ ಬಾಕಿಯ ಜೊತೆ ದಂಡವೂ ಬರಬಹುದು. ಅಪ್ಪ ಅಮ್ಮ ಊರಿಂದ ಕೆಲವು ತಿಂಗಳಿಗೆ ಬಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ಇಲ್ಲಿ ನೋಡುವುದು ಒಬ್ಬರ ಮುಖ್ಯ ಮನೆ ಯಾವುದು ಅಂತ. ಊರಲ್ಲಿ ಮನೆ ಇಟ್ಟುಕೊಂಡು ಸಂದರ್ಶಕರಾಗಿ ಬಂದವರು ಎಣಿಕೆಗೆ ಬರುವುದಿಲ್ಲ.

ನಮ್ಮ ಪರಿಚಯದ ಹುಡುಗನೊಬ್ಬ ಪಿಎಚ್‌ಡಿಗೆ ಬಂದಿದ್ದ, ಹೆಂಡತಿಯೂ ಜೊತೆಗಿದ್ದಳು. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ತೆರಿಗೆ ಇಲ್ಲ. ಅದು ಅವನಿಗೆ ಗೊತ್ತಿತ್ತು. ಹೆಂಡತಿ ಓದುತ್ತಿಲ್ಲವಲ್ಲ, ಅವಳ ಲೆಕ್ಕದಲ್ಲಿ ಶೇಕಡಾ 75 ಕಟ್ಟಬೇಕು ಅಂದುಕೊಂಡಿದ್ದ. ಆದರೆ ವಿದ್ಯಾರ್ಥಿಯ ವಿದೇಶಿ ಸಂಗಾತಿಗೆ ಕೆಲಸ ಮಾಡಲು ಅಥವಾ ಸರ್ಕಾರಿ ಭತ್ಯೆ ಪಡೆಯಲು ವೀಸಾದಲ್ಲಿ ಅನುಮತಿ ಇಲ್ಲದಿದ್ದರೆ ಅವರನ್ನೂ ಎಣಿಸುವುದಿಲ್ಲ. ಯೂನಿವರ್ಸಿಟಿಯ ಪತ್ರ, ಇಬ್ಬರ ವೀಸಾ ವಿವರ ಸೇರಿಸಿ ಅರ್ಜಿ ಬರೆದು ಕಳಿಸಿದೆವು. ಅವರ ಬಿಲ್ ಸೊನ್ನೆಗೆ ಬಂತು. ನನಗೆ ಅವತ್ತು ಆದ ಖುಷಿ ನನ್ನ ರಿಯಾಯಿತಿ ಸಿಕ್ಕಾಗಲೂ ಆಗಿರಲಿಲ್ಲ.

ಬಿಲ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು. ಕೇಳಿದರೆ ಹನ್ನೆರಡು ಮಾಡಿಕೊಡುತ್ತಾರೆ. ತಿಂಗಳ ಹೊರೆ ಕಡಿಮೆಯಾಗಲಿ ಅಂತ ನಾನು ಹನ್ನೆರಡಕ್ಕೆ ಬರೆದುಕೊಟ್ಟೆ. ಒಂದು ಕಂತು ತಪ್ಪಿದರೆ ಜ್ಞಾಪನ ಪತ್ರ ಬರುತ್ತದೆ, ಕಟ್ಟಲು ಏಳು ದಿನ. ಅದನ್ನೂ ಬಿಟ್ಟರೆ ಇಡೀ ವರ್ಷದ ಉಳಿಕೆಯನ್ನು ಒಟ್ಟಿಗೆ ಕೇಳುತ್ತಾರೆ, ವಿಷಯ ಕೋರ್ಟಿಗೂ ಹೋಗುತ್ತದೆ. ಕಷ್ಟ ಇದ್ದರೆ ಕಂತಿನ ತಾರೀಕಿಗೆ ಮುಂಚೆಯೇ ಫೋನ್ ಮಾಡಿ ಮಾತಾಡುವುದು ಒಳ್ಳೆಯದು.

ಮನೆ ಕೊಳ್ಳುವಾಗ ಇನ್ನೊಂದು ಸೂಕ್ಷ್ಮ ತಿಳಿಯಿತು. ಪೋಸ್ಟ್‌ಕೋಡ್ ಹಾಕಿದರೆ ಯಾವ ಮನೆಯ ಬ್ಯಾಂಡ್ ಬೇಕಾದರೂ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತವಾಗಿ ಕಾಣುತ್ತದೆ. ನಮಗೆ ಇಷ್ಟವಾದ ಮನೆ ಸಿ ಬ್ಯಾಂಡ್. ಅದರ ಪಕ್ಕದಲ್ಲೇ 'ಇಂಪ್ರೂವ್‌ಮೆಂಟ್ ಇಂಡಿಕೇಟರ್' ಅಂತ ಗುರುತಿತ್ತು. ಮಾರುವವರು ಹಿಂದೆ ಒಂದು ಕೋಣೆ ಸೇರಿಸಿ ಕಟ್ಟಿದ್ದರು. ಹಾಗೆ ಕಟ್ಟಿಸಿದವರು ಇರುವವರೆಗೆ ಬ್ಯಾಂಡ್ ಏರುವುದಿಲ್ಲ. ಮನೆ ಮಾರಾಟವಾದಾಗ ಮರುಪರಿಶೀಲನೆ ಆಗುತ್ತದೆ, ಏರಿದರೆ ಹೊರೆ ಕೊಂಡವರಿಗೆ. ಹಾಗಾಗಿ ನಾವು ಡಿ ಬ್ಯಾಂಡ್ ಅಂತಲೇ ತಿಂಗಳ ಖರ್ಚು ಹಾಕಿಕೊಂಡೆವು. ಆಮೇಲೆ ಅದು ಡಿ ಆಯಿತು ಕೂಡ.

ಬ್ಯಾಂಡ್ ತಪ್ಪು ಅನಿಸಿದರೆ ಪ್ರಶ್ನಿಸುವ ಹಕ್ಕು ಇದೆ. ಹೊಸದಾಗಿ ಬಂದವರಿಗೆ ಮೊದಲ ಆರು ತಿಂಗಳಲ್ಲಿ ಅದು ಸುಲಭ. ಅದೇ ಅಳತೆಯ, ಅದೇ ಕಾಲದ ಅಕ್ಕಪಕ್ಕದ ಮನೆಗಳು ಕೆಳಗಿನ ಬ್ಯಾಂಡಿನಲ್ಲಿವೆಯಾ ಅಂತ ಮೊದಲು ನೋಡಬೇಕು. 1991ರ ಆಸುಪಾಸಿನ ಮಾರಾಟದ ಬೆಲೆ ಸಿಕ್ಕರೆ ಇನ್ನೂ ಗಟ್ಟಿ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಅರ್ಜಿ ಹಾಕಿ, ಯಾಕೆಂದರೆ ಪರಿಶೀಲನೆಯಲ್ಲಿ ಬ್ಯಾಂಡ್ ಮೇಲಕ್ಕೂ ಹೋಗಬಹುದು, ನಿಮ್ಮದಷ್ಟೇ ಅಲ್ಲ, ಪಕ್ಕದ ಮನೆಯವರದೂ. ನಮ್ಮ ಬೀದಿಯಲ್ಲಿ ಸಿ ಬ್ಯಾಂಡಿನ ಮನೆಗಳಿಗೆಲ್ಲ ಆ ಹೆಚ್ಚಿನ ಕೋಣೆ ಇರಲಿಲ್ಲ. ಹಾಗಾಗಿ ನಾವು ಅರ್ಜಿ ಹಾಕಲಿಲ್ಲ.

ಹಳೆ ಫ್ಲಾಟ್ ಬಿಟ್ಟ ತಾರೀಕನ್ನು ಆ ಕೌನ್ಸಿಲ್‌ಗೆ ಬರೆದು ತಿಳಿಸಿದೆವು. ಮುಂಗಡವಾಗಿ ಕಟ್ಟಿದ್ದ ದಿನಗಳ ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ವಾಪಸ್ ಬಂತು.