ವಯಸ್ಸಾದ ತಾರೆಯನ್ನು ಬಿಟ್ಟುಕೊಡುವ ಮುನ್ನ ಪಿಕ್‌ಗಳ ಲೆಕ್ಕ ನೋಡಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದು ಜನವರಿ ಹೊತ್ತಿಗೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆಟವೆಲ್ಲ 34 ದಾಟಿದ ಒಬ್ಬ ತಾರೆಯ ಮೇಲೆ ನಿಂತಿದೆ ಎಂದಿಟ್ಟುಕೊಳ್ಳಿ. ಆತನನ್ನು ಟ್ರೇಡ್ ಮಾಡಿ, ಅಂದರೆ ಬೇರೆ ತಂಡಕ್ಕೆ ಕೊಟ್ಟು, ತಂಡವನ್ನು ಹೊಸದಾಗಿ ಕಟ್ಟಬೇಕೇ? ವಾದ ಸಾಮಾನ್ಯವಾಗಿ ಆತನ ವಯಸ್ಸಿನಿಂದ ಶುರುವಾಗುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ: ಮುಂದಿನ ವರ್ಷಗಳಲ್ಲಿ ತಂಡದ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು ಯಾರ ಕೈಯಲ್ಲಿವೆ? ಡ್ರಾಫ್ಟ್ ಎಂದರೆ ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ, ಪಿಕ್ ಎಂದರೆ ಅದರಲ್ಲಿನ ಸರದಿ; ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲಿನ ಸರದಿ.

ಒಂದು ಹಾಳೆಯ ಮೇಲೆ ಮುಂದಿನ ಏಳು ವರ್ಷಗಳನ್ನು ಬರೆದುಕೊಳ್ಳಿ. ಅದಕ್ಕಿಂತ ದೂರದ ಪಿಕ್ ಮಾರಲು ಲೀಗ್ ಬಿಡುವುದಿಲ್ಲ. ಪ್ರತಿ ವರ್ಷದ ಎದುರು ಮೂರರಲ್ಲಿ ಒಂದು ಗುರುತು ಹಾಕಿ: ನಮ್ಮದು, ಮಾರಿಯಾಗಿದೆ, ಅದಲುಬದಲಿನ ಹಕ್ಕು ಬೇರೆಯವರಿಗಿದೆ (ನಮ್ಮ ಸರದಿ ಮೇಲಿದ್ದರೆ ಅವರು ತಮ್ಮದನ್ನು ಕೊಟ್ಟು ನಮ್ಮದನ್ನು ತೆಗೆದುಕೊಳ್ಳಬಹುದು). ಸ್ಟೆಪಿಯನ್ ನಿಯಮದ ಪ್ರಕಾರ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳುವ ಹಾಗಿಲ್ಲ. ಹಾಗಾಗಿ ಒಂದು ವರ್ಷ ಬಿಟ್ಟು ಒಂದು ವರ್ಷದ ಪಿಕ್ ಮಾರಿ, ನಡುವಿನ ವರ್ಷದಲ್ಲಿ ಅದಲುಬದಲಿನ ಹಕ್ಕು ಕೊಡುವುದು ರೂಢಿ. ಅಭಿಮಾನಿಗಳ ಲೆಕ್ಕ ತಪ್ಪುವುದು ಈ ಮೂರನೇ ಗುರುತಿನಲ್ಲೇ.

ಬ್ರೂಕ್ಲಿನ್ ನೆಟ್ಸ್ ಇದಕ್ಕೆ ಪಾಠದಂತಿದೆ. 2013ರಲ್ಲಿ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಅವರನ್ನು ಪಡೆಯಲು ಬಾಸ್ಟನ್‌ಗೆ 2014, 2016, 2018ರ ಪಿಕ್‌ಗಳನ್ನೂ 2017ರ ಅದಲುಬದಲಿನ ಹಕ್ಕನ್ನೂ ಕೊಟ್ಟಿತು. 2016-17ರಲ್ಲಿ ನೆಟ್ಸ್ 20-62ರೊಂದಿಗೆ (20 ಗೆಲುವು, 62 ಸೋಲು) ಇಡೀ ಲೀಗ್‌ಗೆ ಕೊನೆಯದಾಯಿತು, ಅದರ ಪಿಕ್‌ಗೆ, ಸರದಿ ನಿರ್ಧರಿಸುವ ಲಾಟರಿಯಲ್ಲಿ ಮೊದಲ ಸ್ಥಾನವೂ ಬಿತ್ತು. ಆದರೆ ಅದು ಹೋದದ್ದು ಅದೇ ವರ್ಷ 53 ಪಂದ್ಯ ಗೆದ್ದಿದ್ದ ಬಾಸ್ಟನ್‌ಗೆ. ಜೇಲನ್ ಬ್ರೌನ್, ಜೇಸನ್ ಟೇಟಮ್ ಬಾಸ್ಟನ್‌ಗೆ ಸಿಕ್ಕಿದ್ದು ಈ ವ್ಯವಹಾರದ ಫಲವಾಗಿಯೇ. 2024ರ ಚಾಂಪಿಯನ್ ತಂಡದ ಬೆನ್ನೆಲುಬು ಅವರಿಬ್ಬರು.

ಹಾಗಾಗಿ ಹತ್ತಿರದ ಎರಡು ಮೂರು ವರ್ಷದ ಪಿಕ್‌ಗಳು ಕೈಯಲ್ಲಿಲ್ಲ ಎಂದಾದರೆ ಬೇಕೆಂದೇ ಸೋಲುವುದರಲ್ಲಿ ಅರ್ಥವಿಲ್ಲ. ತಾರೆಯನ್ನು ಉಳಿಸಿಕೊಂಡು ಆಡಿ. ಇಲ್ಲವೇ ಮೊದಲು ಪಿಕ್ ವಾಪಸ್ ತನ್ನಿ. ಅದೇ ನೆಟ್ಸ್ 2024ರ ಜೂನ್‌ನಲ್ಲಿ ಮಿಕಾಲ್ ಬ್ರಿಜಸ್ ಅವರನ್ನು ನಿಕ್ಸ್‌ಗೆ ಕೊಡುವ ಹೊತ್ತಿಗೇ, ಹ್ಯೂಸ್ಟನ್ ಬಳಿಯಿದ್ದ ತನ್ನ 2025, 2026ರ ಪಿಕ್‌ಗಳ ಹಿಡಿತವನ್ನು ಮರಳಿ ಪಡೆಯಿತು. ಕೆಲಸ ನಡೆಯಬೇಕಾದದ್ದು ಈ ಕ್ರಮದಲ್ಲೇ.

ಎರಡನೆಯದಾಗಿ, ತಂಡ ನಿಜಕ್ಕೂ ಅಷ್ಟು ಕೆಟ್ಟದ್ದೇ ನೋಡಿ. ಪ್ರತಿ ಪಂದ್ಯದ ಸರಾಸರಿ ಅಂಕ ವ್ಯತ್ಯಾಸವನ್ನು 2.7ರಿಂದ ಗುಣಿಸಿ 41ಕ್ಕೆ ಕೂಡಿಸಿದರೆ 82 ಪಂದ್ಯಗಳಲ್ಲಿ ನಿರೀಕ್ಷಿಸಬಹುದಾದ ಗೆಲುವುಗಳ ಅಂದಾಜು ಸಿಗುತ್ತದೆ. 10-20ರಲ್ಲಿರುವ ತಂಡದ ವ್ಯತ್ಯಾಸ ಬರೀ -1 ಇದ್ದರೆ ಅದು 38 ಪಂದ್ಯ ಗೆಲ್ಲಬಲ್ಲ ತಂಡ, ಕೊನೆಯ ಎರಡು ನಿಮಿಷಗಳಲ್ಲಿ ಅದೃಷ್ಟ ಕೈಕೊಟ್ಟಿದೆ ಅಷ್ಟೇ. ತಾರೆ ಅಂಗಳದಲ್ಲಿದ್ದಾಗ ಸಮಬಲ, ಆತ ಕೂತಾಗ 100 ಪೊಸೆಷನ್‌ಗೆ (ಚೆಂಡು ಕೈಗೆ ಬಂದ ಸರದಿಗೆ) 10 ಅಂಕ ಹಿಂದೆ ಎಂದಾದರೆ ದೋಷ ಬೆಂಚಿನದು, ಅಂದರೆ ಬದಲಿ ಆಟಗಾರರದು. ಅದನ್ನು ಸರಿಪಡಿಸುವುದು ಅಗ್ಗ.

ಆಟಗಾರನನ್ನು ಅಳೆಯುವಾಗ ಪಂದ್ಯಕ್ಕೆ ಎಷ್ಟು ಅಂಕ ಎಂಬುದನ್ನು ಕಡೆಗೆ ನೋಡಿ. ದುರ್ಬಲ ತಂಡದಲ್ಲಿ ಚೆಂಡು ಹೇಗೂ ಆತನ ಕೈಗೇ ಬರುತ್ತದೆ. ಮೊದಲು ಕುಸಿಯುವುದು ಫ್ರೀ ಥ್ರೋಗಳ (ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತಗಳ) ಸಂಖ್ಯೆ ಮತ್ತು ಬುಟ್ಟಿಯ ಹತ್ತಿರದ ಶಾಟ್‌ಗಳು, ಏಕೆಂದರೆ ಕಾಲಿನ ವೇಗ ಕಡಿಮೆಯಾದವನು ಒಳನುಗ್ಗುವುದನ್ನು ಬಿಟ್ಟು ದೂರದಿಂದ ಎಸೆಯಲು ಶುರುಮಾಡುತ್ತಾನೆ. ಸತತ ಎರಡು ದಿನ ಪಂದ್ಯವಿದ್ದಾಗ ಎಷ್ಟು ಬಾರಿ ಹೊರಗುಳಿದ ಎಂದೂ ಎಣಿಸಿ. ಎರಡು ವರ್ಷ ಈ ಮೂರೂ ಒಟ್ಟಿಗೆ ಹದಗೆಟ್ಟಿದ್ದರೆ ಮೂರನೇ ವರ್ಷ ಸುಧಾರಿಸಲಿ ಎಂದು ಕಾಯಬೇಡಿ.

ಇನ್ನು ಒಪ್ಪಂದ. ಒಂದೂವರೆಯಿಂದ ಎರಡೂವರೆ ವರ್ಷ ಉಳಿದಿರುವಾಗ ಒಳ್ಳೆಯ ಬೆಲೆ ಸಿಗುತ್ತದೆ. ಕೆಲವೇ ತಿಂಗಳಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ, ನಾಲ್ಕು ವರ್ಷವಿದ್ದರೆ ಹೆದರುತ್ತಾರೆ. ಬ್ರಾಡ್ಲಿ ಬೀಲ್ ಅವರಿಗೆ ವಾಷಿಂಗ್ಟನ್ 2022ರಲ್ಲಿ ಐದು ವರ್ಷಕ್ಕೆ 25.1 ಕೋಟಿ ಡಾಲರ್‌ನ ಒಪ್ಪಂದದ ಜೊತೆಗೆ ಟ್ರೇಡ್ ತಡೆಯುವ ಹಕ್ಕನ್ನೂ ಕೊಟ್ಟಿತು. ಮರುವರ್ಷ ಫೀನಿಕ್ಸ್‌ಗೆ ಕಳಿಸಿದಾಗ ಪಿಕ್‌ಗಳ ಲೆಕ್ಕದಲ್ಲಿ ಕೈಗೆ ಬಂದದ್ದು ಅದಲುಬದಲಿನ ಹಕ್ಕುಗಳು ಮತ್ತು ಎರಡನೇ ಸುತ್ತಿನ ಪಿಕ್‌ಗಳು. ನೇರ ಮೊದಲ ಸುತ್ತಿನದು ಒಂದೂ ಇಲ್ಲ. ಲೀಗ್‌ನಲ್ಲಿ ಎಂಟು ವರ್ಷ, ಅದೇ ತಂಡದಲ್ಲಿ ನಾಲ್ಕು ವರ್ಷ ಆಡಿದವರು ಆ ಹಕ್ಕನ್ನು ಕೇಳಬಹುದು. ಕೊಡದಿರುವುದೇ ಲೇಸು.

ಕೊಳ್ಳುವವರ ಪಟ್ಟಿಯೂ ಈಗ ಚಿಕ್ಕದಾಗಿದೆ. ಸಂಬಳದ ಮಿತಿಗಿಂತ ಬಹಳ ಮೇಲೆ ಲೀಗ್ ಎಳೆದಿರುವ ‘ಎರಡನೇ ಏಪ್ರನ್’ ಎಂಬ ಗೆರೆ ದಾಟಿದ ತಂಡ ಇಬ್ಬರು ಮೂವರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ. ಅಂಥ ತಂಡಗಳನ್ನು ಮೊದಲೇ ಹೊಡೆದುಹಾಕಿ. ಉಳಿದವರಲ್ಲಿ ಪ್ಲೇಆಫ್‌ನಲ್ಲಿ ಆಗಷ್ಟೇ ಸೋತು ಕೈ ಹಿಸುಕಿಕೊಳ್ಳುತ್ತಿರುವ ತಂಡ ಯಾವುದು ನೋಡಿ; ಜೂನ್ ಕೊನೆಯ ಮಾತುಕತೆ ಫೆಬ್ರವರಿಯ ಟ್ರೇಡ್ ಗಡುವಿನ ಗಡಿಬಿಡಿಗಿಂತ ಒಳ್ಳೆಯದು.

ಬೆಲೆಯಲ್ಲಿ ಪಿಕ್‌ನ ಸಂಖ್ಯೆಗಿಂತ ಷರತ್ತು ಮುಖ್ಯ. 2012ರಲ್ಲಿ ಫೀನಿಕ್ಸ್ 38ರ ಸ್ಟೀವ್ ನ್ಯಾಶ್ ಅವರನ್ನು ಲೇಕರ್ಸ್‌ಗೆ ಕೊಟ್ಟು 2013, 2015ರ ಮೊದಲ ಸುತ್ತಿನ ಪಿಕ್ ಪಡೆಯಿತು. ಎರಡನೆಯದಕ್ಕೆ ರಕ್ಷಣೆಯಿತ್ತು: 2015ರಲ್ಲಿ ಮೊದಲ ಐದರೊಳಗೆ, ಆಮೇಲಿನ ಎರಡು ವರ್ಷ ಮೊದಲ ಮೂರರೊಳಗೆ ಬಂದರೆ ಕೊಡಬೇಕಿಲ್ಲ. ಮೂರೂ ವರ್ಷ ಲೇಕರ್ಸ್ ಎರಡನೇ ಸ್ಥಾನ ಪಡೆದು ಪಿಕ್ ಉಳಿಸಿಕೊಂಡಿತು. ಕಡೆಗೆ 2018ರಲ್ಲಿ ಹತ್ತನೆಯದಾಗಿ ಕೈಬಿಟ್ಟಾಗ ಅದು ಫಿಲಡೆಲ್ಫಿಯಾ ಪಾಲಾಯಿತು, ಫೀನಿಕ್ಸ್ ಮೊದಲೇ ದಾಟಿಸಿಯಾಗಿತ್ತು. ಕೇಳುವುದಾದರೆ ರಕ್ಷಣೆಯಿಲ್ಲದ, ನಾಲ್ಕೈದು ವರ್ಷ ದೂರದ ಪಿಕ್ ಕೇಳಿ. ನೀವು ಕೊಟ್ಟ ತಾರೆ ಅಷ್ಟರಲ್ಲಿ ನಿವೃತ್ತನಾಗಿರುತ್ತಾನೆ, ಕೊಂಡ ತಂಡ ಸೊರಗಿರುವ ಸಾಧ್ಯತೆ ಹೆಚ್ಚು.

ಮಾರದೆಯೂ ಕಟ್ಟಬಹುದು, ಆದರೆ ಸಂಬಳ ಇಳಿದರೆ ಮಾತ್ರ. 2014ರಲ್ಲಿ ಡಲ್ಲಾಸ್‌ನ ಹಿರಿಯ ತಾರೆ ಡರ್ಕ್ ನೊವಿಟ್ಸ್ಕಿ ಮೂರು ವರ್ಷಕ್ಕೆ 2.5 ಕೋಟಿ ಡಾಲರ್‌ಗೆ ಒಪ್ಪಿದರು. ಅವರು ತಂಡದಲ್ಲಿರುವಾಗಲೇ, 2018ರಲ್ಲಿ, ಯುವ ಆಟಗಾರ ಲೂಕಾ ಡಾಂಚಿಚ್ ಡಲ್ಲಾಸ್‌ಗೆ ಬಂದರು. ಲೇಕರ್ಸ್ ಮಾಡಿದ್ದು ತದ್ವಿರುದ್ಧ. ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಇನ್ನೂ ಅಂಗಳಕ್ಕೆ ಮರಳದ ಕೋಬಿ ಬ್ರಯಂಟ್ ಅವರಿಗೆ 2013ರಲ್ಲಿ ಎರಡು ವರ್ಷಕ್ಕೆ 4.85 ಕೋಟಿ ಕೊಟ್ಟಿತು. ಆ ಒಪ್ಪಂದದ ಎರಡು ವರ್ಷಗಳ ಫಲ 21-61, 17-65. ಟಿಕೆಟ್ ಮಾರಾಟಕ್ಕೆ ಅದು ಲಾಭವೇ ಇರಬಹುದು, ತಂಡ ಕಟ್ಟಲು ಅಲ್ಲ.

ಟ್ರೇಡ್ ಆದ ಮೇಲೆ ಲಾಟರಿಯನ್ನು ಅತಿಯಾಗಿ ನಂಬಬೇಡಿ. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಪಿಕ್ ಸಿಗುವ ಸಾಧ್ಯತೆಯನ್ನು 2019ರಲ್ಲಿ 25ರಿಂದ 14 ಶೇಕಡಕ್ಕೆ ಇಳಿಸಲಾಯಿತು. ಆ ಪದ್ಧತಿಯಲ್ಲಿ ಐದನೇ ಸ್ಥಾನಕ್ಕೆ ಜಾರುವ ಸಾಧ್ಯತೆ 47.9 ಶೇಕಡ. ಡೆಟ್ರಾಯಿಟ್ 2023, 2024 ಎರಡೂ ವರ್ಷ ಲೀಗ್‌ನಲ್ಲೇ ಕೊನೆಯದಾಗಿ ಎರಡೂ ಬಾರಿ ಐದನೇ ಪಿಕ್ ಪಡೆಯಿತು, 2023-24ರಲ್ಲಂತೂ ಸತತ 28 ಪಂದ್ಯ ಸೋತಿತ್ತು. ಹುಡುಗರಷ್ಟೇ ತುಂಬಿದ ತಂಡದಲ್ಲಿ ಹುಡುಗರೂ ಬೆಳೆಯುವುದಿಲ್ಲ. ಸರಿಯಾದ ಜಾಗಕ್ಕೆ ಪಾಸ್ ಕೊಡುವವನು, ಎದುರಾಳಿಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಡುವವನು, ಮೂಲೆಯಿಂದ ಶಾಟ್ ಹಾಕುವವನು ಬೇಕೇ ಬೇಕು. ತಾರೆಯನ್ನು ಕೊಟ್ಟಾಗ ಖಾಲಿಯಾಗುವ ಸಂಬಳದಲ್ಲಿ ಇಂಥ ಇಬ್ಬರು ಮೂವರಿಗೆ ಜಾಗ ಇಡಿ. 2024ರ ಬೇಸಿಗೆಯಲ್ಲಿ ಡೆಟ್ರಾಯಿಟ್ ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಅವರನ್ನು ತಂದು ಕೋಚನ್ನೂ ಬದಲಿಸಿತು. 14 ಗೆಲುವಿನ ತಂಡ ಮರುವರ್ಷ 44 ಗೆದ್ದಿತು.