ಶೂ ಕೊಳ್ಳುವ ಮೊದಲು ಅಡಿ ತಿರುಗಿಸಿ ತೂತು ಎಣಿಸಿ

ಸೈಕಲ್‌ಗೆ ಕ್ಲಿಪ್‌ಲೆಸ್ ಪೆಡಲ್, ಅಂದರೆ ಶೂ ಅಡಿಯನ್ನು ಕಚ್ಚಿ ಹಿಡಿಯುವ ಪೆಡಲ್ ಹಾಕಿಸಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಶೂ ಹುಡುಕುತ್ತಾರೆ. ಅದು ಉಲ್ಟಾ. ಮೊದಲು ಪೆಡಲ್ ಯಾವುದು ಅಂತ ತೀರ್ಮಾನ ಮಾಡಿ. ಹೊಸ ಪೆಡಲ್ ಜೊತೆ ಅದರ ಕ್ಲೀಟ್ (ಶೂ ಅಡಿಗೆ ಬೋಲ್ಟ್ ಹಾಕಿ ಕೂರಿಸುವ, ಪೆಡಲ್‌ಗೆ ಕಚ್ಚುವ ತುಂಡು) ಸಾಮಾನ್ಯವಾಗಿ ಬಂದೇ ಬರುತ್ತದೆ, ಆ ಕ್ಲೀಟ್ ಕೂರುವ ಶೂ ಹುಡುಕಿದರೆ ಆಯ್ತು.

ಇಲ್ಲಿ ಹೊಂದಬೇಕಾದ್ದು ಎರಡು ಕಡೆ. ಕ್ಲೀಟ್‌ನ ಬೋಲ್ಟ್ ಶೂ ಅಡಿಯ ತೂತಿಗೆ ಕೂರಬೇಕು, ಅದೇ ಕ್ಲೀಟ್ ಪೆಡಲ್‌ಗೆ ಕಚ್ಚಬೇಕು. ಜನ ಮೊದಲನೆಯದನ್ನು ನೋಡಿ ಎರಡನೆಯದನ್ನು ಮರೆಯುತ್ತಾರೆ. ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್, ಲುಕ್ ಕಂಪನಿಯ ಕಿಯೊ, ಈ ಎರಡು ಪೆಡಲ್‌ಗಳಿಗೂ ಮೂರು ತೂತಿನ ಶೂ ಸಾಕು, ಆದರೆ ಒಂದರ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಕಚ್ಚುವುದಿಲ್ಲ. ಲುಕ್‌ನದೇ ಹಳೆಯ ಡೆಲ್ಟಾ ಕ್ಲೀಟ್ ಕೂಡ ಕಿಯೊ ಪೆಡಲ್‌ಗೆ ಆಗಲ್ಲ. ಶಿಮಾನೊದ್ದೇ ಎಸ್‌ಪಿಡಿ, ಎಸ್‌ಪಿಡಿ-ಎಸ್‌ಎಲ್ ಹೆಸರು ಕೇಳಿ ಅಣ್ಣ-ತಮ್ಮ ಅಂದುಕೊಳ್ಳಬೇಡಿ, ಎರಡೂ ಪೂರ್ತಿ ಬೇರೆ.

ಎರಡು ತೂತಿನದು ಎಸ್‌ಪಿಡಿ, ಕ್ರ್ಯಾಂಕ್‌ಬ್ರದರ್ಸ್ ತರಹದ್ದು. ಚಿಕ್ಕ ಲೋಹದ ಕ್ಲೀಟ್, ಅಡಿಯ ಗುಳಿಯೊಳಗೆ ಅಡಗಿರುತ್ತದೆ, ಆರಾಮಾಗಿ ನಡೆಯಬಹುದು. ಮೂರು ತೂತಿನದು ರೋಡ್ ಸೈಕಲ್‌ಗೆ. ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಹೊರಗೇ ಚಾಚಿಕೊಂಡಿರುತ್ತದೆ, ನಯವಾದ ನೆಲದ ಮೇಲೆ ಜಾರುತ್ತದೆ, ನಡೆದಷ್ಟೂ ಸವೆಯುತ್ತದೆ. ಸ್ಪೀಡ್‌ಪ್ಲೇ ಅನ್ನುವ ಪೆಡಲ್‌ನ ಕ್ಲೀಟ್‌ಗೆ ನಾಲ್ಕು ತೂತು, ಅಡಾಪ್ಟರ್ ಇದ್ದರೆ ಮೂರು ತೂತಿನ ಶೂಗೂ ಕೂರುತ್ತದೆ. ಕೆಲವು ಶೂಗಳಲ್ಲಿ ಎರಡು, ಮೂರು ಎರಡೂ ಬಗೆಯ ತೂತು ಇರುತ್ತದೆ. ನನ್ನ ಕೇಳಿದರೆ, ರೇಸ್ ಗೀಸ್ ಇಲ್ಲದೆ ಓಡಾಟಕ್ಕೂ ವಾರಾಂತ್ಯದ ಸುತ್ತಾಟಕ್ಕೂ ಒಂದೇ ಶೂ ಬೇಕು ಅನ್ನುವವರು ಸುಮ್ನೆ ಎರಡು ತೂತಿನದೇ ತಗೊಳ್ಳಿ.

ಇನ್ನು ಫ್ಲೋಟ್. ಅಂದರೆ ಕ್ಲೀಟ್ ಬಿಡಿಸಿಕೊಳ್ಳದೆ ಹಿಮ್ಮಡಿ ಎಷ್ಟು ಆಚೀಚೆ ತಿರುಗಬಹುದು ಅನ್ನೋದು. ರೋಡ್ ಕ್ಲೀಟ್‌ನಲ್ಲಿ ಇದನ್ನು ಬಣ್ಣದಿಂದ ಗುರುತಿಸುತ್ತಾರೆ, ಮೋಸ ಹೋಗುವುದೂ ಇಲ್ಲೇ. ಶಿಮಾನೊದಲ್ಲಿ ಕೆಂಪು 0 ಡಿಗ್ರಿ, ನೀಲಿ 2, ಹಳದಿ 6. ಲುಕ್ ಕಿಯೊದಲ್ಲಿ ಕಪ್ಪು 0, ಬೂದು 4.5, ಕೆಂಪು 9. ಒಂದು ಕಡೆ ಕೆಂಪು ಅಂದರೆ ಅಲುಗಾಡದ್ದು, ಇನ್ನೊಂದು ಕಡೆ ಎಲ್ಲಕ್ಕಿಂತ ಜಾಸ್ತಿ ಅಲುಗಾಡುವುದು! ಹೊಸಬರಿಗೆ ಹಳದಿ ಅಥವಾ ಬೂದು ಸರಿ. ಕಾಲು ಒಂದೇ ಕೋನದಲ್ಲಿ ಬಿಗಿದುಕೊಂಡರೆ ಮೊದಲು ನೋಯುವುದು ಮಂಡಿ. ಎಸ್‌ಪಿಡಿಯಲ್ಲಾದರೆ ಎಸ್‌ಎಚ್51 ಅನ್ನುವ ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್56 ಇನ್ನೂ ಕೆಲವು ದಿಕ್ಕಿನಲ್ಲಿ ಎಳೆದರೂ ಬಿಡುತ್ತದೆ. ಬೀಳುವ ಭಯ ಇದ್ದವರಿಗೆ ಎರಡನೆಯದು.

ಕೂರಿಸುವಾಗ ಶೂ ಹಾಕಿಕೊಂಡೇ ಹೆಬ್ಬೆರಳಿನ ಬುಡದ ಉಬ್ಬಿದ ಮೂಳೆ ಎಲ್ಲಿದೆ ಅಂತ ಬೆರಳಲ್ಲಿ ಒತ್ತಿ ನೋಡಿ, ಶೂ ಬದಿಗೆ ಟೇಪ್ ಅಂಟಿಸಿ ಪೆನ್ನಲ್ಲಿ ಗುರುತು ಹಾಕಿ, ಕಿರುಬೆರಳಿನ ಬುಡಕ್ಕೂ ಹಾಗೇ ಮಾಡಿ. ಪೆಡಲ್‌ನ ಆಕ್ಸಲ್ (ಪೆಡಲ್ ಸುತ್ತುವ ನಡುವಿನ ದಂಡ) ಈ ಎರಡು ಗುರುತುಗಳ ನಡುವೆ ಬರಬೇಕು. ದಿಕ್ಕಿಗೆ, ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ. ಪಾದ ತಾನಾಗೇ ಯಾವ ಕಡೆ ನೋಡುತ್ತದೋ ಕ್ಲೀಟ್ ಕೂರಿಸಿದ ಮೇಲೂ ಆ ಕಡೆಯೇ ನೋಡಬೇಕು.

ಬೋಲ್ಟ್‌ಗೆ ಚೂರು ಗ್ರೀಸ್ ಹಚ್ಚಿ ಬಿಗಿ ಮಾಡಿ. ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್, ಆದರೂ ಕ್ಲೀಟ್ ಜೊತೆ ಬಂದ ಚೀಟಿ ನೋಡಿಕೊಳ್ಳಿ. ಒಂದು ಬೋಲ್ಟ್ ಪೂರ್ತಿ ತಿರುಗಿಸಿ ಮುಂದಿನದಕ್ಕೆ ಹೋಗಬೇಡಿ, ಕ್ಲೀಟ್ ಜರುಗುತ್ತದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಪೆಡಲ್‌ನಲ್ಲಿ ಟೆನ್ಶನ್ ಸ್ಕ್ರೂ (ಕ್ಲೀಟನ್ನು ಎಷ್ಟು ಬಿಗಿ ಹಿಡಿಯಬೇಕು ಅಂತ ಹೊಂದಿಸುವುದು) ಇದ್ದರೆ ಮೊದಲು ಪೂರ್ತಿ ಸಡಿಲ ಇಡಿ, ಗೋಡೆ ಹಿಡಿದು ನಿಂತು ಕಾಲು ಹಾಕೋದು ತೆಗೆಯೋದು ಅಭ್ಯಾಸ ಮಾಡಿ, ಆಮೇಲೆ ರಸ್ತೆ.

ಮೊದಲ ಸವಾರಿ ಮುಗಿಸಿ ಬಂದ ಮೇಲೆ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಎರಡು ತೂತಿನ ಶೂನಲ್ಲಿ ಎರಡು ಬೋಲ್ಟ್‌ಗಳಲ್ಲಿ ಒಂದು ಬಿದ್ದುಹೋದರೆ ಹಿಮ್ಮಡಿ ತಿರುಗಿಸಿದರೂ ಕ್ಲೀಟ್ ಪೆಡಲ್‌ನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಶೂ ಮಾತ್ರ ಅದರ ಮೇಲೆ ಗಿರಗಿರ ತಿರುಗುತ್ತದೆ. ಆಗ ಇನ್ನೊಂದು ಕಾಲು ಊರಿ ಸೈಕಲ್ ನಿಲ್ಲಿಸಿ, ಶೂ ಅಲ್ಲೇ ಬಿಟ್ಟು ಪಾದ ಹೊರಗೆ ಎಳೆದುಕೊಳ್ಳಿ.