ಬಳಸಿದ ಮದರ್‌ಬೋರ್ಡ್ ಪರದೆ ತೋರಿಸದಿದ್ದಾಗ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಕೊಂಡ ಬಳಸಿದ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರಿನಲ್ಲಿ, ಗುಂಡಿ ಒತ್ತಿದೊಡನೆ ಫ್ಯಾನುಗಳು ತಿರುಗಿದರೂ ಪರದೆಯ ಮೇಲೆ ಏನೂ ಮೂಡದೆ, ಯಂತ್ರವು ತಾನಾಗಿ ನಿಂತು ಮತ್ತೆ ಚಾಲೂ ಆಗುತ್ತಿತ್ತು. ಮದರ್‌ಬೋರ್ಡಿನ (ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಫಲಕದ) ಮೇಲೆ ಮೆಮೊರಿಯ ತೊಂದರೆಯನ್ನು ಸೂಚಿಸುವ ಡಿ-ರ್‍ಯಾಮ್ ದೀಪ ಉರಿಯುತ್ತಲೇ ಇದ್ದುದರಿಂದ ಸಂದೇಹ ಮೆಮೊರಿಯತ್ತ, ಅಂದರೆ ರ್‍ಯಾಮಿನತ್ತ, ಹೋಯಿತು. ಡಿಸ್ಕುಗಳನ್ನೆಲ್ಲ ಕಳಚಿ, ರ್‍ಯಾಮಿನ ಚಿನ್ನದ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿ ಒಂದೇ ರ್‍ಯಾಮ್ ಪಟ್ಟಿಯನ್ನು ಕೂರಿಸಿದರೂ ಫಲವಾಗಲಿಲ್ಲ.

ಬಳಸಿದ ಬೋರ್ಡಿನ ಜೊತೆಗೆ ಹಿಂದಿನ ಒಡೆಯರ ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗುಗಳೂ ಬರುತ್ತವೆ ಎಂಬುದು ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ. ಅವರು ತಮ್ಮ ರ್‍ಯಾಮಿಗೆಂದು ಇಟ್ಟ ಹೆಚ್ಚಿನ ವೇಗ ನನ್ನ ಡಿಡಿಆರ್4 ಪೀಳಿಗೆಯ, 2400 ವೇಗದ ರ್‍ಯಾಮಿಗೆ ಒಗ್ಗದಿರಬಹುದೆಂದು ಊಹಿಸಿ, ವಿದ್ಯುತ್ ತಂತಿಯನ್ನು ಕಳಚಿದ ಮೇಲೆ ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ತೆಗೆದು, ಸಿಮಾಸ್ (ಬಯಾಸ್ ಸೆಟ್ಟಿಂಗುಗಳು ಉಳಿದಿರುವ ಪುಟ್ಟ ಮೆಮೊರಿ) ಅಳಿಸುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಹತ್ತು ಸೆಕೆಂಡು ಕೂಡಿಸಿದೆ. ಮೊದಲ ಚಾಲನೆ ಕೊಂಚ ನಿಧಾನವಾಗಿಯೇ ಆಯಿತು (ಬೋರ್ಡು ಮೆಮೊರಿಯನ್ನು ಪರೀಕ್ಷಿಸುವಾಗ ಆತುರಪಟ್ಟು ಗುಂಡಿ ಒತ್ತಬಾರದು). ಬಳಿಕ ಬಯಾಸ್ ಪುಟ ತೆರೆದುಕೊಂಡಿತು, ದಿನಾಂಕವನ್ನು ಸರಿಪಡಿಸಿದೆ.